ತಾನಾಗಿ ಹೊರಳಿದ ಕ್ಯಾಮೆರಾ: ನವನಗರದ ಒಂದು ಮನೆಯ ಪ್ರಕರಣ ಅಧ್ಯಯನ

ಈ ಪ್ರಕರಣ ಬಾಗಲಕೋಟೆಯ ನವನಗರದ ಒಂದು ಮನೆಗೆ ಸಂಬಂಧಿಸಿದ್ದು. ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಸೆಕ್ಟರ್ ಸಂಖ್ಯೆ, ಕ್ಯಾಮೆರಾ ಹಾಕಿಕೊಟ್ಟ ಅಂಗಡಿ, ಸಾಧನಗಳನ್ನು ತಯಾರಿಸಿದ ಕಂಪನಿ ಇವು ಯಾವುವೂ ಇಲ್ಲಿ ಬರುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಊರಿನ ಸಣ್ಣ ಕಚೇರಿಗಳಿಗೆ, ದವಾಖಾನೆಗಳಿಗೆ ನೆಟ್‌ವರ್ಕ್ ಕೆಲಸ ಮಾಡಿಕೊಡುವವನು. ಮನೆಗಳ ಕೆಲಸ ನನಗೆ ಬರುವುದು ಕಡಿಮೆ. ಈ ಮನೆಯ ಯಜಮಾನರು ನಿವೃತ್ತ ಶಿಕ್ಷಕರು, ನಮ್ಮ ತಂದೆಯವರ ಕಾಲದಿಂದ ಪರಿಚಯ ಇದ್ದವರು. ಆದ್ದರಿಂದ ಅವರ ಮಗ ಪುಣೆಯಿಂದ ನನಗೇ ಫೋನ್ ಮಾಡಿದರು.

ಮನೆ ಮತ್ತು ಅದರೊಳಗಿನ ಸಾಧನಗಳು

ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಯನ್ನು ಬಿಟ್ಟುಕೊಟ್ಟು ನವನಗರದ ನಿವೇಶನದಲ್ಲಿ ಕಟ್ಟಿಕೊಂಡ ಮನೆ ಅದು. ಹಳೇ ಊರಿನ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿ ಮನೆಗಳಿದ್ದವು, ಯಾರ ಮನೆಗೆ ಯಾರು ಬಂದರೆಂಬುದು ಹತ್ತು ಮನೆಗಳಿಗೆ ಗೊತ್ತಾಗುತ್ತಿತ್ತು. ಇಲ್ಲಿ ರಸ್ತೆ ಅಗಲ, ಕಂಪೌಂಡು ಎತ್ತರ, ಮಧ್ಯಾಹ್ನದ ಹೊತ್ತಿಗೆ ಒಂದು ನರಪಿಳ್ಳೆಯೂ ಕಾಣುವುದಿಲ್ಲ. ಕ್ಯಾಮೆರಾ ಬೇಕೆಂಬ ಮಾತು ಮನೆಯಲ್ಲಿ ಮೊದಲು ಹುಟ್ಟಿದ್ದು ಇದರಿಂದಲೇ ಎಂದು ಮಾಸ್ತರರು ಹೇಳುತ್ತಾರೆ. ಆದರೆ ಅದು ಮಾತಿನಲ್ಲೇ ಉಳಿದಿತ್ತು. 2022ರ ಆರಂಭದಲ್ಲಿ ಅವರ ಪತ್ನಿಗೆ ಲಕ್ವಾ ಹೊಡೆದು ಎಡಗಡೆಯ ಕೈಕಾಲು ಸ್ವಾಧೀನ ತಪ್ಪಿದ ಮೇಲೆ, ಪುಣೆಯಲ್ಲಿ ನೌಕರಿ ಮಾಡುವ ಒಬ್ಬನೇ ಮಗ ತಡಮಾಡದೆ ಹಣ ಕಳುಹಿಸಿ, ಅದೇ ಮೇ ತಿಂಗಳಿನಲ್ಲಿ ಎಲ್ಲವನ್ನೂ ಹಾಕಿಸಿದರು.

ಮನೆಯ ಹೊರಗೆ ನಾಲ್ಕು ಕ್ಯಾಮೆರಾ, ಅವುಗಳ ಚಿತ್ರವನ್ನು ದಾಖಲಿಸುವ ಒಂದು ಡಿವಿಆರ್, ಅದರಲ್ಲಿ 1 ಟಿಬಿ ಹಾರ್ಡ್ ಡಿಸ್ಕ್. ಅಮ್ಮನವರು ಮಲಗುವ ಕೋಣೆಯಲ್ಲಿ ವೈ-ಫೈ ಮೇಲೆ ನಡೆಯುವ, ಕತ್ತು ತಿರುಗಿಸುವ, ಎರಡೂ ಕಡೆಯಿಂದ ಮಾತಾಡಬಹುದಾದ ಒಂದು ಗುಂಡನೆಯ ಕ್ಯಾಮೆರಾ. ಬಚ್ಚಲದ ಗೀಸರಿಗೆ ಮೊಬೈಲಿನಿಂದ ಹಚ್ಚಿ ಆರಿಸುವ ವೈ-ಫೈ ಪ್ಲಗ್. ಇವಲ್ಲದೆ ಸ್ಮಾರ್ಟ್ ಟಿವಿ ಮೊದಲೇ ಇತ್ತು. ಹಾಕಲು ಬಂದ ಹುಡುಗರು ಒಂದೇ ದಿನದಲ್ಲಿ ಕೆಲಸ ಮುಗಿಸಿ ಹೋದರು. ಹೋಗುವಾಗ ಅವರು ಹೇಳಿದ ಒಂದು ಮಾತು ಮಾಸ್ತರರಿಗೆ ನೆನಪಿತ್ತು: “ಮೊಬೈಲ್‌ನ್ಯಾಗ ಲೈವ್ ಕಾಣಬೇಕಂದ್ರ ಸ್ಟ್ಯಾಟಿಕ್ ಐಪಿ ತಗೋಬೇಕ್ರೀ ಸರ್.” ಸ್ಟ್ಯಾಟಿಕ್ ಐಪಿ ಎಂದರೆ ಆ ಮನೆಗೆಂದೇ ಮೀಸಲಾದ, ಬದಲಾಗದ ಇಂಟರ್‌ನೆಟ್ ವಿಳಾಸ. ಇಂಟರ್‌ನೆಟ್ ಕೊಡುವವರಿಗೆ ವರ್ಷವರ್ಷವೂ ಹೆಚ್ಚಿನ ಹಣ ಕಟ್ಟಿ ಅದನ್ನೂ ತೆಗೆದುಕೊಂಡಿದ್ದರು.

ತೊಂದರೆ ಕಾಣಿಸಿಕೊಂಡ ಬಗೆ

2024ರ ಡಿಸೆಂಬರಿನಲ್ಲಿ ರಾತ್ರಿಯ ಹೊತ್ತು ನೆಟ್ ನಿಧಾನವಾಗತೊಡಗಿತು. ಟಿವಿಯಲ್ಲಿ ಕೀರ್ತನೆ ಹಚ್ಚಿದರೆ ನಡುವೆ ನಿಂತು ನಿಂತು ಬರುತ್ತಿತ್ತು, ಮಗನ ವಿಡಿಯೊ ಕರೆ ಕಡಿದುಹೋಗುತ್ತಿತ್ತು. ಕಂಪನಿಯ ಲೈನ್‌ಮನ್ ಎರಡು ಸಲ ಬಂದು ಫೈಬರ್ ವೈರಿನ ತುದಿ ಬದಲಿಸಿ, ಪರೀಕ್ಷಿಸಿ, 100 ಎಂಬಿಪಿಎಸ್ ಸರಿಯಾಗಿ ಬರುತ್ತಿದೆ ಎಂದು ಹೇಳಿ ಹೋದ. ಅವನು ಬಂದದ್ದು ಎರಡು ಸಲವೂ ಹಗಲಿನಲ್ಲಿ.

ಜನವರಿಯ ಮೂರನೆಯ ವಾರದಲ್ಲಿ ಎರಡನೆಯ ಸೂಚನೆ ಸಿಕ್ಕಿತು. ಅಮ್ಮನವರ ಆರೈಕೆಗೆಂದು ಹಳೇ ಊರಿನಿಂದ ಬರುತ್ತಿದ್ದ ಹೆಣ್ಣುಮಗಳು ಮಧ್ಯಾಹ್ನ ಅವರಿಗೆ ಊಟ ಮಾಡಿಸುತ್ತ ತಲೆಯೆತ್ತಿ ನೋಡಿ, “ಅಮ್ಮಾರ, ಇದು ಮುಂಜಾನಿ ಬಾಗಲಾ ಕಡೆ ಇತ್ರೀ, ಈಗ ನಿಮ್ಮ ಕಡೆ ಹೊಳ್ಳೇತಿ ನೋಡ್ರಿ” ಎಂದಳು. ಮಾಸ್ತರರು ಪುಣೆಗೆ ಫೋನ್ ಮಾಡಿ ಕೇಳಿದರೆ ಮಗ ಆಫೀಸಿನ ಮೀಟಿಂಗಿನಲ್ಲಿದ್ದರು, ಆ್ಯಪ್ ತೆರೆದಿರಲೇ ಇಲ್ಲ. ಕರೆಂಟು ಹೋಗಿ ಬಂದರೆ ಇಂಥ ಕ್ಯಾಮೆರಾ ತಾನಾಗಿ ಒಂದು ಸುತ್ತು ತಿರುಗಿ ನೆಲೆಗೆ ನಿಲ್ಲುತ್ತದೆ, ಅದಕ್ಕೇ ಆಗಿರಬೇಕು ಎಂದು ಮಗ ಸಮಾಧಾನ ಹೇಳಿದರು. ಆ ಮಾತು ಸುಳ್ಳಲ್ಲ, ಹಲವು ಕ್ಯಾಮೆರಾಗಳು ಹಾಗೆ ಮಾಡುತ್ತವೆ. ಆದರೆ ಹೀಗೆ ತಿರುಗಿದ ಕ್ಯಾಮೆರಾ ಮತ್ತೆ ಮೊದಲಿನ ಜಾಗಕ್ಕೇ ಬರಬೇಕು. ಮಂಚದ ಕಡೆಗೆ ಬಂದು ಅಲ್ಲಿಯೇ ನಿಲ್ಲಬಾರದು.

ಮನೆಯವರು ಮಾಡಿ ನೋಡಿದ್ದು

ಮತ್ತೆ ಎರಡು ಸಲ ಹಾಗಾದಾಗ ಮನೆಯವರ ಅನುಮಾನ ಹೊರಗಿನ ಯಾವ ಅಪರಿಚಿತನ ಮೇಲೂ ಹೋಗಲಿಲ್ಲ. ಆರೈಕೆಯ ಹೆಣ್ಣುಮಗಳ ಮೇಲೆ ಹೋಯಿತು. ಅವಳು ಒಂದು ತಿಂಗಳ ಹಿಂದೆ ತನ್ನ ಮೊಬೈಲಿಗೆ ವೈ-ಫೈ ಪಾಸ್‌ವರ್ಡ್ ಕೇಳಿ ಹಾಕಿಸಿಕೊಂಡಿದ್ದಳು. ಅವಳ ತಮ್ಮ ಮೊಬೈಲ್ ರಿಪೇರಿ ಕಲಿಯುತ್ತಿದ್ದ. ಇಷ್ಟೇ ಸಾಕಾಯಿತು. ಕ್ಯಾಮೆರಾ ಹೊರಳಿದ್ದನ್ನು ಮೊದಲು ಕಂಡು ಹೇಳಿದವಳೇ ಅವಳು ಎಂಬುದು ಆ ಹೊತ್ತಿನಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಏನೂ ಹೇಳದೆ, ತಿಂಗಳ ನಡುವೆಯೇ ಅವಳನ್ನು ಬಿಡಿಸಿ, ಮಗ ಫೋನಿನಲ್ಲಿ ಹೇಳಿಕೊಟ್ಟಂತೆ ಮಾಸ್ತರರು ವೈ-ಫೈ ಪಾಸ್‌ವರ್ಡ್ ಬದಲಿಸಿದರು.

ಪಾಸ್‌ವರ್ಡ್ ಬದಲಾದ ಕೂಡಲೇ ಕೋಣೆಯ ಕ್ಯಾಮೆರಾ ಸಹಜವಾಗಿಯೇ ಬಂದಾಯಿತು. ಅದನ್ನು ಮತ್ತೆ ಜೋಡಿಸಲು ಇವರಿಗೆ ಬರಲಿಲ್ಲ. ಅಂಗಡಿಗೆ ಫೋನ್ ಮಾಡಿದರು. ಒಬ್ಬ ಹುಡುಗ ಬಂದು, ತನ್ನ ಫೋನಿನಿಂದಲೇ ಹೊಸ ಪಾಸ್‌ವರ್ಡ್ ಹಾಕಿ, ಹತ್ತು ನಿಮಿಷದಲ್ಲಿ ಸರಿಮಾಡಿಕೊಟ್ಟು ನೂರು ರೂಪಾಯಿ ತೆಗೆದುಕೊಂಡು ಹೋದ. ಈ ಪ್ರಕರಣದಲ್ಲಿ ನನಗೆ ಬಹಳ ಮುಖ್ಯವೆನಿಸಿದ ಗಳಿಗೆ ಇದು, ಏಕೆಂದರೆ ಕಾಯಿಲೆಗೆ ಹುಡುಕಿದ ಮದ್ದೇ ಕಾಯಿಲೆಯನ್ನು ಮನೆಯೊಳಕ್ಕೆ ಎರಡನೆಯ ಸಲ ಕರೆತಂದಿತ್ತು. ಆದರೆ ಅಲ್ಲಿದ್ದ ಯಾರಿಗೂ, ಬಹುಶಃ ಆ ಹುಡುಗನಿಗೂ, ಅದು ಹಾಗೆ ಕಂಡಿರಲಿಲ್ಲ. ಎರಡು ದಿನ ಕಳೆದು ರಾತ್ರಿ ಒಂಬತ್ತರ ಸುಮಾರಿಗೆ ಕ್ಯಾಮೆರಾ ಮತ್ತೆ ಮಂಚದ ಕಡೆ ಹೊರಳಿತು. ಹೆಣ್ಣುಮಗಳು ಕೆಲಸ ಬಿಟ್ಟು ಆಗ ಒಂಬತ್ತು ದಿನವಾಗಿತ್ತು. ಮಗ ನನಗೆ ಫೋನ್ ಮಾಡಿದ್ದು ಆ ರಾತ್ರಿ.

ಡಿವಿಆರ್

ಎರಡೂ ತೊಂದರೆಗಳಿಗೆ ಒಂದೇ ಕಾರಣ ಇರಬೇಕು, ಯಾರೋ ರೌಟರಿನೊಳಗೆ ಹೊಕ್ಕಿದ್ದಾರೆ ಎಂಬ ಊಹೆಯಿಂದ ನಾನು ಹೊರಟೆ. ಆ ಊಹೆ ತಪ್ಪು. ಅದರಿಂದ ಎರಡು ದಿನ ಕಳೆದುಕೊಂಡೆ. ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು: ಮನೆಗೆ ಹೋದವನೇ ಡಿವಿಆರ್‌ನ ಸ್ಥಿತಿಯನ್ನು ನೋಡಿ ಬರೆದುಕೊಳ್ಳುವ ಮೊದಲೇ, ಅದು ಬಿಸಿಯಾಗಿದೆ ಎಂದು ಸ್ವಿಚ್ ಆರಿಸಿ ಹಚ್ಚಿದೆ. ಸಾಧನದ ಮೆಮೊರಿಯಲ್ಲಿ ಮಾತ್ರ ಇರುವ ಕುರುಹುಗಳು ಹಾಗೆ ಮಾಡಿದರೆ ಅಳಿಸಿಹೋಗುತ್ತವೆ ಎಂದು ನಾಲ್ಕು ಜನರಿಗೆ ಹೇಳುವವನು ನಾನೇ.

ಆದರೆ ಆ ತಪ್ಪಿನಿಂದಲೇ ಒಂದು ಸುಳಿವು ಸಿಕ್ಕಿತು. ಆರಿಸಿ ಹಚ್ಚಿದ ಮೇಲೆ ರಾತ್ರಿಯ ಹೊತ್ತಾದರೂ ನೆಟ್ ಚೆನ್ನಾಗಿ ಓಡತೊಡಗಿತು. ಸುಮಾರು 40 ನಿಮಿಷವಾದ ಮೇಲೆ ಮತ್ತೆ ಕುಸಿಯಿತು. ರೌಟರಿಗೆ ಹಚ್ಚಿದ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದಾಗ, ಡಿವಿಆರ್‌ನ ವೈರು ತೆಗೆದ ಗಳಿಗೆಗೆ ಹೊರಹೋಗುವ ದಟ್ಟಣೆ ನಿಂತಿತು. ಹಚ್ಚಿದರೆ ಮತ್ತೆ ಶುರು. ಯಾರೂ ಕ್ಯಾಮೆರಾ ನೋಡದ ಹೊತ್ತಿನಲ್ಲಿ ಡಿವಿಆರ್ ಹೊರಗೆ ಇಷ್ಟೊಂದು ಕಳುಹಿಸಲು ಕಾರಣವೇ ಇಲ್ಲ. ಅದರ ಪಾಸ್‌ವರ್ಡ್ ನೋಡಿದರೆ, ಕಾರ್ಖಾನೆಯಿಂದ ಬಂದಂತೆ 123456 ಎಂದೇ ಇತ್ತು. ಅದನ್ನು ಬದಲಿಸಿ, ಮತ್ತೆ ಆರಿಸಿ ಹಚ್ಚಿ, ಕೆಲಸ ಮುಗಿಯಿತೆಂದು ಚಹಾ ಕುಡಿಯುತ್ತ ಕುಳಿತೆ. ಒಂದು ತಾಸಿನೊಳಗೆ ರೌಟರಿನ ದೀಪ ಪುನಃ ಎಡೆಬಿಡದೆ ಮಿಣಮಿಣ ಎನ್ನತೊಡಗಿತು.

ಇಲ್ಲಿ 2016ರ ಒಂದು ಘಟನೆಯನ್ನು ನೆನೆಯಬೇಕಾಗುತ್ತದೆ. ಆ ವರ್ಷ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೌಟರುಗಳನ್ನು ಹಿಡಿದು ಒಂದು ದಂಡು ಕಟ್ಟಿತು. ಅಕ್ಟೋಬರ್ 21ರಂದು, ತಾಣಗಳ ಹೆಸರಿಗೆ ಇಂಟರ್‌ನೆಟ್ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಆ ದಂಡಿನಿಂದ ದಾಳಿ ನಡೆದಾಗ ಟ್ವಿಟ್ಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಅಮೆರಿಕದ ಅನೇಕ ಕಡೆ ತಾಸುಗಟ್ಟಲೆ ತೆರೆಯಲಿಲ್ಲ. ಮಿರಾಯ್ ಹತ್ತಿರ ದೊಡ್ಡ ಜಾಣತನವೇನೂ ಇರಲಿಲ್ಲ. ಕಾರ್ಖಾನೆಯವರು ಇಟ್ಟು ಕಳುಹಿಸುವ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿಯೊಂದನ್ನು ಹಿಡಿದುಕೊಂಡು, ಇಂಟರ್‌ನೆಟ್ಟಿನ ವಿಳಾಸಗಳ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತ ಹೋಗುವುದಷ್ಟೇ ಅದರ ಕೆಲಸ. ಮುಖ್ಯವಾಗಿ ತಟ್ಟುತ್ತಿದ್ದುದು, ದೂರದಿಂದ ಸಾಧನದೊಳಗೆ ಹೊಕ್ಕು ಆಜ್ಞೆ ಕೊಡುವ ಟೆಲ್ನೆಟ್ ಎಂಬ ಸೌಲಭ್ಯದ 23 ಮತ್ತು 2323 ಸಂಖ್ಯೆಯ ಪೋರ್ಟುಗಳನ್ನು, ಅಂದರೆ ಸಂಖ್ಯೆ ಹಾಕಿದ ಬಾಗಿಲುಗಳನ್ನು. ಅದು ಸಾಧನದ ಮೆಮೊರಿಯಲ್ಲಿ ಮಾತ್ರ ನೆಲೆಸುತ್ತಿತ್ತು, ಆರಿಸಿ ಹಚ್ಚಿದರೆ ಹೋಗುತ್ತಿತ್ತು, ಬಾಗಿಲು ತೆರೆದೇ ಇದ್ದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬರುತ್ತಿತ್ತು. ಅದರ ಮೂಲ ಸಂಕೇತವನ್ನು ಬರೆದವರೇ ಬಹಿರಂಗಗೊಳಿಸಿದ್ದರಿಂದ ಅದರ ಮರಿಗಳು ಇಂದಿಗೂ ಓಡಾಡಿಕೊಂಡಿವೆ. ಈ ಮನೆಯ ಡಿವಿಆರ್‌ನ ನಡವಳಿಕೆ ತದ್ವತ್ ಅದೇ.

ಹಾಗಾದರೆ ನಾನು ಪಾಸ್‌ವರ್ಡ್ ಬದಲಿಸಿದ ಮೇಲೂ ಅದು ಹೇಗೆ ಬಂತು? ಇಂಥ ಅಗ್ಗದ ಡಿವಿಆರ್‌ಗಳಲ್ಲಿ ಪರದೆಯ ಮೇಲೆ ನಾವು ಕೊಡುವ ಪಾಸ್‌ವರ್ಡ್ ಒಂದು, ಒಳಗೆ ಸಾಧನವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶಕ್ಕೆ ಕಾರ್ಖಾನೆಯಲ್ಲೇ ಬರೆದಿಟ್ಟ ಪಾಸ್‌ವರ್ಡ್ ಇನ್ನೊಂದು. ಎರಡನೆಯದನ್ನು ಗ್ರಾಹಕ ಬದಲಿಸಲಾರ. ಅದು ಇರುವುದು ಫರ್ಮ್‌ವೇರಿನಲ್ಲಿ, ಅಂದರೆ ಕಾರ್ಖಾನೆಯವರು ಸಾಧನದೊಳಗೇ ತುಂಬಿ ಕಳುಹಿಸುವ ತಂತ್ರಾಂಶದಲ್ಲಿ, ಮತ್ತು ಈ ಮಾದರಿಗೆ ಹೊಸ ಫರ್ಮ್‌ವೇರ್ ಕೊಡುವುದನ್ನು ಕಂಪನಿ ನಿಲ್ಲಿಸಿತ್ತು. ಆದರೂ ಹೊರಗಿನವರು ಆ ಬಾಗಿಲಿನವರೆಗೆ ಬರಬೇಕಾದರೆ ದಾರಿ ಬೇಕಲ್ಲವೇ? ಆ ದಾರಿಯನ್ನು 2022ರಲ್ಲಿ ಮನೆಯವರೇ ಹಣ ಕೊಟ್ಟು ಕಟ್ಟಿಸಿಕೊಂಡಿದ್ದರು. ನಮ್ಮ ಕಡೆಯ ಬಹುಪಾಲು ಮನೆಯ ಸಂಪರ್ಕಗಳಲ್ಲಿ ಒಂದು ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿರುತ್ತಾರೆ. ಅದರಿಂದ ಆಗುವ ಒಂದು ಉಪಕಾರವೆಂದರೆ ಹೊರಗಿನಿಂದ ಯಾರೂ ನೇರವಾಗಿ ಮನೆಯ ರೌಟರಿನ ಬಾಗಿಲು ತಟ್ಟಲಾಗುವುದಿಲ್ಲ. ಸ್ಟ್ಯಾಟಿಕ್ ಐಪಿ ತೆಗೆದುಕೊಂಡ ಕೂಡಲೇ ಆ ಮರೆ ಹೋಯಿತು. ಅದರ ಮೇಲೆ, ಬೇಕಾದ ಒಂದೇ ಪೋರ್ಟನ್ನು ತೆರೆಯುವ ಗೋಜಿಗೆ ಹೋಗದೆ, ರೌಟರಿನಲ್ಲಿ ಡಿಎಂಜೆಡ್ ಎಂಬ ಕಡೆ ಡಿವಿಆರ್‌ನ ವಿಳಾಸ ಹಾಕಿಬಿಟ್ಟಿದ್ದರು. ಹಾಗೆಂದರೆ ಆ ವಿಳಾಸಕ್ಕೆ ಹೊರಗಿನಿಂದ ಬಂದದ್ದೆಲ್ಲವನ್ನೂ, ಯಾವ ಪೋರ್ಟಿಗೇ ಬರಲಿ, ಡಿವಿಆರ್‌ಗೆ ಒಪ್ಪಿಸು ಎಂದು. ಕಂಪೌಂಡಿನ ಗೇಟು, ತಲಬಾಗಿಲು, ಹಿತ್ತಲ ಬಾಗಿಲು ಎಲ್ಲ ತೆಗೆದಿಟ್ಟು, ಕೋಣೆಯೊಳಗಿನ ಟ್ರಂಕಿಗೆ ಮಾತ್ರ ಕೀಲಿ ಹಾಕಿದಂತೆ. ಕೆಲಸ ಬೇಗ ಮುಗಿಯುತ್ತದೆ ಎಂಬುದು ಬಿಟ್ಟರೆ ಹಾಗೆ ಮಾಡಲು ಬೇರೆ ಕಾರಣವಿಲ್ಲ.

ಡಿಎಂಜೆಡ್ ತೆಗೆದು, ತಾನಾಗಿ ಪೋರ್ಟ್ ತೆರೆಯುವ ಯುಪಿಎನ್‌ಪಿ ಸೌಲಭ್ಯವನ್ನೂ ಬಂದುಮಾಡಿ, ಡಿವಿಆರ್‌ನ್ನು ಆರಿಸಿ ಹಚ್ಚಿದ ಮೇಲೆ ಆ ರಾತ್ರಿಯಾಗಲಿ ಮರುದಿನವಾಗಲಿ ನೆಟ್ ಕುಸಿಯಲಿಲ್ಲ.

ಒಳಕೋಣೆಯ ಕ್ಯಾಮೆರಾ

ಮೂರನೆಯ ದಿನ ಮಧ್ಯಾಹ್ನ ಕ್ಯಾಮೆರಾ ಮತ್ತೆ ಹೊರಳಿತು. ನನ್ನ ಒಂದೇ ಕಾರಣದ ಊಹೆ ಅಲ್ಲಿಗೆ ಬಿದ್ದುಹೋಯಿತು.

ಈ ಕ್ಯಾಮೆರಾಕ್ಕೂ ಸ್ಟ್ಯಾಟಿಕ್ ಐಪಿಗೂ ಸಂಬಂಧವೇ ಇರಲಿಲ್ಲ. ಇಂಥವು ಮನೆಯ ವೈ-ಫೈ ಮೂಲಕ ತಾವೇ ಹೊರಗೆ ಹೋಗಿ ಕಂಪನಿಯ ಸರ್ವರಿಗೆ ಜೋಡಿಕೊಂಡಿರುತ್ತವೆ. ನೋಡುವವನು ಪುಣೆಯಲ್ಲಿರಲಿ ಪಕ್ಕದ ಕೋಣೆಯಲ್ಲಿರಲಿ, ಆ ಸರ್ವರಿನ ಮೂಲಕವೇ ಗುರುತು ಹೇಳಿ ಬರಬೇಕು. ಅಲ್ಲಿ ಬಾಗಿಲು ಕಾಯುವುದು ರೌಟರಲ್ಲ, ಆ್ಯಪಿನ ಖಾತೆ. ಮಾಸ್ತರರ ಫೋನಿನಲ್ಲಿ ಆ್ಯಪ್ ತೆರೆದು, ಕ್ಯಾಮೆರಾದ ಸೆಟ್ಟಿಂಗಿನೊಳಗೆ ಹೋದೆ. ಪಾಸ್‌ವರ್ಡ್ ಬದಲಿಸುವ, ಬೇರೆಯವರನ್ನು ತೆಗೆಯುವ ಆಯ್ಕೆಗಳಾವುವೂ ಅಲ್ಲಿರಲಿಲ್ಲ. ಮೇಲೆ ಸಣ್ಣ ಅಕ್ಷರದಲ್ಲಿ, ಈ ಸಾಧನವನ್ನು ನಿಮಗೆ ಶೇರ್ ಮಾಡಲಾಗಿದೆ ಎಂದಿತ್ತು. ಅದರ ಕೆಳಗೆ ಒಡೆಯನ ಮೊಬೈಲ್ ನಂಬರಿನ ಕೊನೆಯ ನಾಲ್ಕು ಅಂಕಿ. ಅವು ಮಾಸ್ತರರವಲ್ಲ, ಮಗನವೂ ಅಲ್ಲ. ಬಿಲ್ಲು ತಂದು ನೋಡಿದರೆ ಅಂಗಡಿಯ ನಂಬರಿನ ಕೊನೆಯ ನಾಲ್ಕು ಅಂಕಿ ಅವೇ ಆಗಿದ್ದವು.

ಅಂದರೆ ಎರಡೂವರೆ ವರ್ಷಗಳಿಂದ ಈ ಕ್ಯಾಮೆರಾದ ಒಡೆಯ ಅಂಗಡಿಯವನು, ಮನೆಯವರು ಅವನ ಅನುಮತಿಯಿಂದ ನೋಡುತ್ತಿದ್ದ ಅತಿಥಿಗಳು. ಕ್ಯಾಮೆರಾದ ಹಿಂದಿನ ರಿಸೆಟ್ ಗುಂಡಿ ಒತ್ತಿದರೂ ಪ್ರಯೋಜನವಾಗಲಿಲ್ಲ, ಏಕೆಂದರೆ ಯಾವ ಖಾತೆಗೆ ಸೇರಿದ್ದು ಎಂಬ ದಾಖಲೆ ಇರುವುದು ಸರ್ವರಿನಲ್ಲಿ. ಹೊಸ ಖಾತೆಗೆ ಸೇರಿಸಲು ಹೋದರೆ, ಇದು ಈಗಾಗಲೇ ಬೇರೊಬ್ಬರಿಗೆ ಸೇರಿದೆ ಎಂದಿತು. ಕಳ್ಳತನವಾದ ಕ್ಯಾಮೆರಾ ಕಳ್ಳನಿಗೆ ದಕ್ಕದಿರಲಿ ಎಂದು ಮಾಡಿದ ಏರ್ಪಾಡು ಅದು. ಇಲ್ಲಿ ಮನೆಯವರೇ ಕಳ್ಳರ ಜಾಗದಲ್ಲಿ ನಿಂತಿದ್ದರು.

ಮಾಸ್ತರರೂ ನಾನೂ ಅಂಗಡಿಗೆ ಹೋದೆವು. ಮಾಲೀಕ ಏನನ್ನೂ ಮುಚ್ಚಿಡಲಿಲ್ಲ. “ಸರ್ವಿಸಿಗೆ ಅನುಕೂಲ ಆಗಲಿ ಅಂತ ಎಲ್ಲಾರದೂ ನಮ್ಮ ನಂಬರಿಗೇ ಮಾಡತೀವ್ರೀ. ಗಿರಾಕಿ ಪಾಸ್‌ವರ್ಡ್ ಮರೀತಾರ, ಆಮ್ಯಾಲ ರಾತ್ರಿ ಹತ್ತಕ್ಕ ಫೋನ್ ಮಾಡಿ ಬೈತಾರ” ಎಂದ. ಅವನ ಮಾತಿನಲ್ಲಿ ಸತ್ಯವಿಲ್ಲವೆನ್ನಲಾರೆ. ಓಟಿಪಿ ಬಂದರೆ ಯಾವುದನ್ನು ಹೇಳಬೇಕು ಯಾವುದನ್ನು ಹೇಳಬಾರದು ಎಂದು ತಿಳಿಯದ ಗಿರಾಕಿಗಳನ್ನು ನಾನೂ ಬಲ್ಲೆ. ಅವನು ತನ್ನ ಫೋನ್ ತೆಗೆದು ಆ್ಯಪ್ ತೋರಿಸಿದ. ಪರದೆಯ ಮೇಲೆ ಒಂದರ ಕೆಳಗೊಂದು ಚಿಕ್ಕ ಚಿಕ್ಕ ಚಿತ್ರಗಳು: ಒಂದರಲ್ಲಿ ಅಡುಗೆಮನೆ, ಒಂದರಲ್ಲಿ ತೊಟ್ಟಿಲು, ಒಂದರಲ್ಲಿ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ. ಎಣಿಸಿದೆ, 39 ಇದ್ದವು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡು, ಪಟ್ಟಿಯ ನಡುವೆ ತಮ್ಮ ಹೆಂಡತಿಯ ಮಂಚವನ್ನು ಗುರುತು ಹಿಡಿದರು. ಅವರು ಏನೂ ಅನ್ನಲಿಲ್ಲ.

ತಿರುಗಿಸಿದ್ದು ಯಾರು ಎಂಬುದಕ್ಕೆ ಅರ್ಧ ಉತ್ತರ ಅಲ್ಲಿಯೇ ದೊರೆಯಿತು. ಅಂಗಡಿಯಲ್ಲಿ ಕೆಲಸಕ್ಕಿದ್ದ ಹತ್ತೊಂಬತ್ತರ ಹುಡುಗ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಾನು ಆ ಚಿತ್ರಗಳನ್ನು ನೋಡುತ್ತಿದ್ದುದನ್ನು ಒಪ್ಪಿಕೊಂಡ, ತಿರುಗಿಸಿದ್ದನ್ನು ಒಪ್ಪಲಿಲ್ಲ. ಆ ಆ್ಯಪಿನಲ್ಲಿ ಚಿತ್ರದ ಮೇಲೆ ಬೆರಳು ಎಳೆದರೆ ಸಾಕು, ಅಲ್ಲಿ ಕ್ಯಾಮೆರಾದ ಕತ್ತು ತಿರುಗುತ್ತದೆ. ಆದ್ದರಿಂದ ಅವನು ಬೇಕೆಂದೇ ಮಾಡಿದನೋ ಬೆರಳಾಡಿಸುತ್ತ ಮಾಡಿದನೋ ಎಂದು ನಾನು ತೀರ್ಪು ಕೊಡಲಾರೆ. ಆದರೆ ಖಾತೆಯ ಭದ್ರತಾ ಪುಟದಲ್ಲಿ ಲಾಗಿನ್ ಆಗಿದ್ದ ಫೋನುಗಳ ಪಟ್ಟಿಯಿತ್ತು. ಅದರಲ್ಲಿ ಐದು ಫೋನುಗಳಿದ್ದವು. ಒಂದು ಮಾಲೀಕನದು, ಒಂದು ಈ ಹುಡುಗನದು, ಎರಡು ಕೆಲಸ ಬಿಟ್ಟು ಹೋದವರವು. ಐದನೆಯದು ಯಾರದೆಂದು ಮಾಲೀಕನಿಗೂ ಹೇಳಲಾಗಲಿಲ್ಲ.

ದೂರು ಕೊಡುವ ಪ್ರಶ್ನೆ

ಮಗನಿಗೆ ಆ ದಿನವೇ ದೂರು ಕೊಡಬೇಕೆಂಬ ಹಟ. ಮಾಸ್ತರರಿಗೆ ಹತ್ತೊಂಬತ್ತರ ಹುಡುಗನ ಮೇಲೆ ಪೊಲೀಸ್ ಕೇಸು ಹಾಕಲು ಮನಸ್ಸಿಲ್ಲ. 39 ಮನೆಗಳನ್ನೂ ಅವರವರ ಹೆಸರಿಗೆ ಮಾಡಿಕೊಡಲು ಅಂಗಡಿಯವನಿಗೆ 15 ದಿನ ಕೊಡೋಣ ಎಂದರು. ನಾನು ಮಗನ ಪಕ್ಷದಲ್ಲಿದ್ದೆ. ಇದು ಕೇವಲ ಅಸಭ್ಯತೆಯ ಮಾತಲ್ಲ: ಅನುಮತಿಯಿಲ್ಲದೆ ಇನ್ನೊಬ್ಬರ ಗಣಕ ವ್ಯವಸ್ಥೆಯನ್ನು ಪ್ರವೇಶಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ, ಅಪ್ರಾಮಾಣಿಕತೆಯಿಂದ ಇಲ್ಲವೆ ವಂಚನೆಯಿಂದ ಮಾಡಿದ್ದರೆ 66ನೆಯ ಕಲಮಿನಡಿ 3 ವರ್ಷದವರೆಗೆ ಸೆರೆ ಇಲ್ಲವೆ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು, ಖಾಸಗಿ ಅಂಗಗಳ ಚಿತ್ರ ಸೆರೆಹಿಡಿದಿದ್ದರೆ ಅಥವಾ ಹಂಚಿದ್ದರೆ 66ಇ ಕಲಮೂ ಸೇರುತ್ತದೆ. ಇದಕ್ಕಿಂತ ನನ್ನನ್ನು ಕಾಡಿದ್ದು ಸಾಕ್ಷ್ಯದ ಸಂಗತಿ. ನಾಲ್ಕು ಕ್ಯಾಮೆರಾಗಳು ತಲಾ 2 ಎಂಬಿಪಿಎಸ್‌ನಂತೆ ಬರೆದರೆ ದಿನಕ್ಕೆ 86 ಜಿಬಿ ಆಗುತ್ತದೆ; 1 ಟಿಬಿ ಡಿಸ್ಕು ಹನ್ನೊಂದು ಹನ್ನೆರಡು ದಿನದಲ್ಲಿ ತುಂಬಿ, ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಪಾಸ್‌ವರ್ಡ್ ಬದಲಾದ ದಿನ ಅಂಗಡಿಯ ಹುಡುಗ ಬಂದುಹೋದ ದೃಶ್ಯ ಆಗಲೇ ಅಳಿವಿನಂಚಿನಲ್ಲಿತ್ತು. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡೆ, ಐದು ಫೋನುಗಳ ಪಟ್ಟಿಯ ಫೋಟೊ ತೆಗೆದುಕೊಂಡೆ, ಬಿಲ್ಲಿನ ಪ್ರತಿ ಇಟ್ಟುಕೊಂಡೆವು. ಈ ಮೂರನ್ನು ಮಾಡಿದ ಮೇಲಷ್ಟೇ ಅಂಗಡಿಯವನು ಖಾತೆಯ ಪಾಸ್‌ವರ್ಡ್ ಬದಲಿಸಿ ಎಲ್ಲ ಫೋನುಗಳನ್ನು ಹೊರಹಾಕುವಂತೆ ಮಾಡಿದೆ. ಮೊದಲೇ ಹೊರಹಾಕಿದ್ದರೆ ಪಟ್ಟಿಯೂ ಹೋಗುತ್ತಿತ್ತು.

ಮಾಸ್ತರರ ಮನಸ್ಸು ಬದಲಾದದ್ದು ಒಂದು ರಾತ್ರಿ ಕಳೆದ ಮೇಲೆ. ಹುಡುಗನನ್ನು ಕಂಡಿದ್ದೇನೆ, ಅವನಿಗೆ ಬುದ್ಧಿ ಹೇಳಬಹುದು, ಆದರೆ ಆ ಐದನೆಯ ಫೋನಿಗೆ ಯಾರು ಬುದ್ಧಿ ಹೇಳಬೇಕು ಎಂದು ಮರುದಿನ ಅವರೇ ಕೇಳಿದರು. ಯಾರ ಹೆಸರನ್ನೂ ಆರೋಪಿ ಎಂದು ಬರೆಯದೆ, ನಡೆದದ್ದನ್ನು ನಡೆದಂತೆ ಎರಡು ಪುಟದಲ್ಲಿ ಬರೆದು, ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದುಕೊಂಡರು. 1930ಕ್ಕೆ ಫೋನ್ ಮಾಡಬೇಕೇ ಎಂದು ಮಗ ಕೇಳಿದ್ದರು. ಅದು ಮುಖ್ಯವಾಗಿ ಹಣ ಕಳೆದುಕೊಂಡವರಿಗೆ ತಕ್ಷಣ ನೆರವಾಗುವ ಸಂಖ್ಯೆ, ಇಂಥದಕ್ಕೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇಲ್ಲವೆ ಠಾಣೆಯೇ ದಾರಿ. ಅರ್ಜಿಯ ಮುಂದಿನ ವಿಚಾರಣೆ ನನ್ನ ಬರಹಕ್ಕೆ ಸೇರಿದ್ದಲ್ಲ.

ಏನು ತೆಗೆದೆವು, ಏನು ಉಳಿಸಿದೆವು

ಡಿವಿಆರ್‌ನ್ನು ಎಸೆಯುವ ಅಗತ್ಯ ಬೀಳಲಿಲ್ಲ. ಅದಕ್ಕೂ ರೌಟರಿಗೂ ನಡುವಿನ ವೈರು ತೆಗೆದೆವು; ಅದು ಮನೆಯೊಳಗೇ ದಾಖಲಿಸುತ್ತದೆ, ನೋಡಬೇಕಾದಾಗ ಟಿವಿಗೆ ಹಚ್ಚಿ ನೋಡುತ್ತಾರೆ. ಸ್ಟ್ಯಾಟಿಕ್ ಐಪಿಯನ್ನು ಹಿಂದಿರುಗಿಸಿದ್ದರಿಂದ ವರ್ಷದ ಖರ್ಚೂ ಉಳಿಯಿತು. ಟಿವಿ ಮತ್ತು ಗೀಸರಿನ ಪ್ಲಗ್ ಎರಡನ್ನೂ ಗೆಸ್ಟ್ ವೈ-ಫೈಗೆ, ಅಂದರೆ ಮನೆಯ ಮುಖ್ಯ ವೈ-ಫೈನಿಂದ ಬೇರೆಯಾಗಿ ನಡೆಯುವ ವೈ-ಫೈಗೆ ಹಾಕಿ, ಮಾಸ್ತರರು ಪೆನ್ಷನ್ ಹಣ ನೋಡಿಕೊಳ್ಳುವ ಫೋನ್ ಬೇರೆ ಕಡೆ ಇರುವಂತೆ ಮಾಡಿದೆ. ಪ್ಲಗ್‌ನ ಖಾತೆ ಮಗನ ಹೆಸರಿನಲ್ಲೇ ಇತ್ತು, ಪಾಸ್‌ವರ್ಡ್ ಮಾತ್ರ ಅವರು ನಾಲ್ಕಾರು ಕಡೆ ಬಳಸುತ್ತಿದ್ದ ಒಂದೇ ಪಾಸ್‌ವರ್ಡ್, ಅದನ್ನು ಬದಲಿಸಲಾಯಿತು. ಇವೆಲ್ಲ ಅರ್ಧ ದಿನದ ಕೆಲಸ.

ಕೋಣೆಯ ಕ್ಯಾಮೆರಾದ ಚರ್ಚೆ ಮಾತ್ರ ಅಷ್ಟು ಬೇಗ ಮುಗಿಯಲಿಲ್ಲ. ಅಂಗಡಿಯವನು ಅದನ್ನು ತನ್ನ ಖಾತೆಯಿಂದ ಬಿಟ್ಟುಕೊಟ್ಟಿದ್ದ. ಮಾಸ್ತರರ ನಂಬರಿಗೆ ಹಾಕಿ, ಎರಡು ಹಂತದ ದೃಢೀಕರಣ ಇಟ್ಟು, ಮುಂದುವರಿಸಬಹುದಿತ್ತು. ಮಗನಿಗೆ ಅದೇ ಬೇಕಿತ್ತು, ತಾಯಿ ಬಿದ್ದರೆ ಯಾರಿಗೆ ಗೊತ್ತಾಗಬೇಕು ಎಂಬ ಅವರ ಆತಂಕ ಸುಳ್ಳಲ್ಲ. ಆಗ ನಾನು, ಕೆಲಸಕ್ಕೆ ಬಂದವನು ಕೇಳಬಾರದೇನೋ ಎಂಬ ಸಂಕೋಚದಿಂದಲೇ, ಅಮ್ಮನವರ ಅಭಿಪ್ರಾಯವೇನು ಎಂದು ಕೇಳಿದೆ. ಮೂರು ವರ್ಷ ಹತ್ತಿರ ಬಂದಿದ್ದರೂ ಅವರನ್ನು ಯಾರೂ ಕೇಳಿರಲಿಲ್ಲ. “ಸೀರಿ ಬದಲಿ ಮಾಡೂ ಮುಂದ ಅದರ ಮ್ಯಾಲ ಟವೆಲ್ ಹಾಕ ಅಂತಿದ್ದೆ ಆಕೀಗೆ,” ಎಂದರು. “ಹಾಕಿದ ಕೂಡಲೆ ಪುಣೆದಿಂದ ಫೋನ್ ಬರತಿತ್ತು, ಯಾಕವ್ವಾ ಕತ್ತಲಾಗೇತಿ ಅಂತ. ಅವಗ ಏನಂತ ಹೇಳಲಿ?” ಕ್ಯಾಮೆರಾದ ಪಕ್ಕದ ಮೊಳೆಗೆ ಒಂದು ಕೆಂಪು ಅಂಚಿನ ಟವೆಲ್ ತೂಗುತ್ತಿತ್ತು. ಅಷ್ಟು ದಿನ ಅದು ಕೈ ಒರೆಸುವ ಟವೆಲ್ ಎಂದೇ ನಾನು ತಿಳಿದಿದ್ದೆ.

ಆ ಸಂಜೆಯೇ ಕ್ಯಾಮೆರಾ ಗೋಡೆಯಿಂದ ಇಳಿಯಿತು. ಅದರ ಬದಲಿಗೆ ಮಂಚದ ಬಲಗಡೆ, ಅಮ್ಮನವರ ಸ್ವಾಧೀನವಿರುವ ಕೈಗೆ ಸಿಗುವಂತೆ, ಇಂಟರ್‌ನೆಟ್ಟಿನ ಹಂಗಿಲ್ಲದ ಒಂದು ಕರೆಗಂಟೆಯ ಗುಂಡಿ ಹಾಕಿಸಿದೆವು. ಒತ್ತಿದರೆ ಪಡಸಾಲೆಯಲ್ಲೂ ಅಡುಗೆಮನೆಯಲ್ಲೂ ಸದ್ದಾಗುತ್ತದೆ. ಮಗನ ಸಮಾಧಾನಕ್ಕಾಗಿ ಗೇಟಿನ ಕಡೆ ಮಾತ್ರ ನೋಡುವ ಒಂದು ಹೊಸ ಕ್ಯಾಮೆರಾ ತರಬೇಕೆಂದಾಯಿತು. ಅದನ್ನು ತಕ್ಷಣ ಕೊಳ್ಳದೆ ಏಪ್ರಿಲ್‌ವರೆಗೆ ಕಾಯಲು ಹೇಳಿದೆ, ಏಕೆಂದರೆ 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳು ಕೇಂದ್ರ ಸರ್ಕಾರ ನಿಗದಿಪಡಿಸಿದ ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಲೇಬೇಕೆಂಬ ನಿಯಮ ಜಾರಿಗೆ ಬರುವುದಿತ್ತು. ಬ್ರಿಟನ್ನು 2024ರ ಏಪ್ರಿಲ್ 29ರಿಂದಲೇ ಎಲ್ಲ ಸಾಧನಕ್ಕೂ ಒಂದೇ ಎಂಬಂಥ ಸುಲಭದ ಪಾಸ್‌ವರ್ಡುಗಳನ್ನು ಕಾನೂನಿನಿಂದ ನಿಷೇಧಿಸಿದೆ. ಇಂಥ ನಿಯಮಗಳು ಮಿರಾಯ್ ತರಹದ ದಾಳಿಗೆ ಒಳ್ಳೆಯ ತಡೆ. ಈ ಮನೆಯ ಡಿವಿಆರ್‌ಗೆ ಬಂದ ಗತಿ ಹೊಸ ಸಾಧನಕ್ಕೆ ಅಷ್ಟು ಸುಲಭವಾಗಿ ಬರಲಾರದು. ಆದರೆ ಕೋಣೆಯ ಕ್ಯಾಮೆರಾದ ವಿಷಯದಲ್ಲಿ ಯಾವ ಪರೀಕ್ಷೆಯೂ ಕೆಲಸಕ್ಕೆ ಬರುತ್ತಿರಲಿಲ್ಲ. ಅದು ಕೆಟ್ಟಿರಲಿಲ್ಲ, ಅದರೊಳಗೆ ಯಾರೂ ನುಸುಳಿರಲಿಲ್ಲ, ತನ್ನ ಒಡೆಯ ಹೇಳಿದಂತೆ ಅದು ನಿಷ್ಠೆಯಿಂದ ತಿರುಗುತ್ತಿತ್ತು. ಒಡೆಯ ಯಾರೆಂಬುದಷ್ಟೇ ಮನೆಯವರಿಗೆ ತಿಳಿದಿರಲಿಲ್ಲ.

ಆದ್ದರಿಂದ ಈಗ ಯಾರ ಮನೆಗೆ ಹೋದರೂ ನಾನು ಪಾಸ್‌ವರ್ಡ್ ಎಷ್ಟು ಗಟ್ಟಿ ಎಂದು ಮೊದಲು ಕೇಳುವುದಿಲ್ಲ. ಆ್ಯಪ್ ತೆರೆಸಿ, ಸಾಧನ ‘ನನ್ನದು’ ಎಂಬ ಕಡೆ ಇದೆಯೋ ‘ಶೇರ್ ಆದದ್ದು’ ಎಂಬ ಕಡೆ ಇದೆಯೋ ನೋಡುತ್ತೇನೆ. ಹಾಕಲು ಬಂದವರು ಹೋಗುವ ಮೊದಲು ಮನೆಯವರ ಕಣ್ಣೆದುರೇ, ಮನೆಯವರದೇ ನಂಬರಿಗೆ ಓಟಿಪಿ ಬರುವಂತೆ ಖಾತೆ ತೆರೆಯಬೇಕು. ಅಂಗಡಿಯವರಿಗೆ ಸರ್ವಿಸಿಗೆ ಬೇಕಾದರೆ ಮನೆಯವರು ಅವರಿಗೆ ಶೇರ್ ಮಾಡಲಿ, ಕೆಲಸ ಮುಗಿದ ಮೇಲೆ ತೆಗೆಯಲಿ. ಅಂದಹಾಗೆ ಇದು ಕ್ಯಾಮೆರಾಗಳ ಕಥೆ ಮಾತ್ರವಲ್ಲ. ಮಾಸ್ತರರ ತಮ್ಮ ಇದನ್ನೆಲ್ಲ ಕೇಳಿ, ಬೀಳಗಿ ಕಡೆಯ ತಮ್ಮ ಹೊಲದ ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರಿನಲ್ಲಿ ಯಾರ ನಂಬರುಗಳಿವೆ ಎಂದು ನೋಡಿಸಿದರು. ಮೊದಲನೆಯದು ಅವರದಲ್ಲ, ಸ್ಟಾರ್ಟರ್ ಹಾಕಿದವನದು.

ಆರೈಕೆಯ ಹೆಣ್ಣುಮಗಳ ಮನೆಗೆ ಮಾಸ್ತರರು ತಾವೇ ಹೋಗಿ, ನಡೆದದ್ದನ್ನು ಹೇಳಿ, ಆ ತಿಂಗಳ ಉಳಿದ ಪಗಾರ ಕೊಟ್ಟು ಬಂದರು. ಅವಳು ಹಣ ತೆಗೆದುಕೊಂಡಳು, ಮರಳಿ ಕೆಲಸಕ್ಕೆ ಬರಲಿಲ್ಲ.

15 ದಿನದ ಗಡುವಿನಲ್ಲಿ ಅಂಗಡಿಯವನು 33 ಮನೆಗಳ ಕ್ಯಾಮೆರಾಗಳನ್ನು ಅವರವರ ನಂಬರಿಗೆ ಮಾಡಿಕೊಟ್ಟ. ಉಳಿದ ಆರು ಗಿರಾಕಿಗಳ ಫೋನ್ ನಂಬರ್ ಬದಲಾಗಿತ್ತು, ಬಿಲ್ ಪುಸ್ತಕದಲ್ಲಿ ವಿಳಾಸವೂ ಸರಿಯಾಗಿರಲಿಲ್ಲ. ಆ ಆರನ್ನೂ ಖಾತೆಯಿಂದ ಅಳಿಸಿಬಿಡಲು ನಾನು ಹೇಳಿದೆ: ಚಿತ್ರ ನಿಂತ ಕೂಡಲೇ ಅವರೇ ಹುಡುಕಿಕೊಂಡು ಬರುತ್ತಾರೆ. ಗಿರಾಕಿಗಳು ಬೈಯುತ್ತಾರೆಂದು ಅವನು ಹಿಂಜರಿದು, ಕೊನೆಗೆ ಅಳಿಸಿದ. ಎರಡು ದಿನದೊಳಗೆ ನಾಲ್ಕು ಮನೆಯವರು ಕ್ಯಾಮೆರಾ ಬಂದಾಗಿದೆ ಎಂದು ಫೋನ್ ಮಾಡಿದರು. ಇನ್ನೆರಡು ಮನೆಯವರು ಇದನ್ನು ಬರೆಯುವ ಹೊತ್ತಿನವರೆಗೂ ಮಾಡಿಲ್ಲ. ಅಳಿಸುವ ದಿನದವರೆಗೆ ಆ ಎರಡೂ ಕ್ಯಾಮೆರಾಗಳು ಆನ್‌ಲೈನ್ ಇದ್ದವು.